ಕಲಬೆರಕೆಯಲ್ಲ, ಬೆರಕೆ!

ಹಾಲಿಗೆ ನೀರು, ಮೆಣಸಿನಪುಡಿಗೆ ಇಟ್ಟಿಗೆಪುಡಿ, ತೊಗರಿಬೇಳೆಗೆ ಕೇಸರಿಬೇಳೆ. ಬೆರಕೆ ಎಂದ ಕೂಡಲೇ ನಮ್ಮ ಜನರಿಗೆ ನೆನಪಾಗುವುದು ಇಂಥವೇ. ಇದಕ್ಕೆ ಇಂಗ್ಲಿಷಿನಿಂದ ಬಂದಿರುವ 'ಡೋಪಿಂಗ್' ಎಂಬ ಮಾತಿಗೂ ಒಳ್ಳೆಯ ಹೆಸರಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟವನ್ನು ಗೆದ್ದ ಕೆನಡಾದ ಬೆನ್ ಜಾನ್ಸನ್ ಮದ್ದು ಸೇವಿಸಿ ಓಡಿದ್ದು ಬಯಲಾಗಿ, ಮೂರೇ ದಿನದಲ್ಲಿ ಚಿನ್ನದ ಪದಕ ಕಳೆದುಕೊಂಡದ್ದು ಹಿರಿಯರಿಗೆ ಮರೆತಿರಲಾರದು. ಅಂಥ ಮಾತು ಮಗನ ಅಥವಾ ಮಗಳ ಭೌತಶಾಸ್ತ್ರದ ಪುಸ್ತಕದಲ್ಲಿ ಕಂಡರೆ ತಂದೆತಾಯಿಗಳು ಹುಬ್ಬೇರಿಸುವುದು ಸಹಜವೇ.

ಆದರೆ ಪ್ರಯೋಗಶಾಲೆಯಲ್ಲಿ ಈ ಮಾತಿಗೆ ಬೇರೆಯದೇ ಮರ್ಯಾದೆ. ಇಂದು ಪ್ರತಿಯೊಬ್ಬರ ಕಿಸೆಯಲ್ಲಿರುವ ಮೊಬೈಲು, ಮನೆಯ ಮೇಲಿನ ಸೌರಫಲಕ, ಬೀದಿಯ ಎಲ್‌ಇಡಿ ದೀಪ ಇವೆಲ್ಲ ನಿಂತಿರುವುದು ಬೆರಕೆಯ ಮೇಲೆಯೇ. ದ್ವಿತೀಯ ಪಿಯುಸಿಯ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಒಂದು ಲೆಕ್ಕವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬಹುದು. ಶುದ್ಧ ಸಿಲಿಕಾನಿನಲ್ಲಿ, ನಮ್ಮ ಕೋಣೆಯ ಉಷ್ಣತೆಯಲ್ಲಿ, ಒಂದು ಘನ ಸೆಂಟಿಮೀಟರಿನಲ್ಲಿ ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳು ಸುಮಾರು 1,500 ಕೋಟಿ. ದೊಡ್ಡ ಸಂಖ್ಯೆ ಎನಿಸಿದರೂ ಅಲ್ಲಿರುವ ಪರಮಾಣುಗಳ ಸಂಖ್ಯೆಯ ಎದುರು ಅದು ಏನೇನೂ ಅಲ್ಲ. ಈಗ ಪ್ರತಿ ಹತ್ತು ಲಕ್ಷ ಸಿಲಿಕಾನ್ ಪರಮಾಣುಗಳಲ್ಲಿ ಒಂದನ್ನು ಮಾತ್ರ ತೆಗೆದು ಅಲ್ಲಿ ಆರ್ಸೆನಿಕ್ಕಿನ ಪರಮಾಣುವನ್ನು ಕೂರಿಸಿದರೆ, ಓಡಾಡುವ ಎಲೆಕ್ಟ್ರಾನುಗಳು 33 ಲಕ್ಷ ಪಟ್ಟು ಹೆಚ್ಚುತ್ತವೆ! ಹತ್ತು ಲಕ್ಷಕ್ಕೆ ಒಂದು ಎಂದರೆ, ಹತ್ತು ಕಿಲೋ ಜೋಳದ ಹಿಟ್ಟಿಗೆ ಹತ್ತು ಮಿಲಿಗ್ರಾಂ ಉಪ್ಪು ಬೆರೆಸಿದ ಹಾಗೆ. ಅಂಥ ರೊಟ್ಟಿ ತಿಂದ ನಾಲಗೆಗೆ ಉಪ್ಪಿನ ಸುಳಿವೇ ಸಿಗದು. ಸಿಲಿಕಾನಿಗೆ ಮಾತ್ರ ತಿಳಿಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಬೇರ್ಪಡಿಸಬೇಕು. ಅಕ್ಕಸಾಲಿಗರು ಚಿನ್ನಕ್ಕೆ ತಾಮ್ರ ಸೇರಿಸುವುದೂ ಬೆರಕೆಯೇ. ಆದರೆ ಅದು ಮಿಶ್ರಲೋಹ. ಅಲ್ಲಿ ಪಾಲು ದೊಡ್ಡದು. ಡೋಪಿಂಗ್‌ನಲ್ಲಿ ಮೂಲವಸ್ತುವಿನ ಸ್ಫಟಿಕದ ಕಟ್ಟಡ ಹಾಗೆಯೇ ಉಳಿಯಬೇಕು, ಕೆಲವು ಕೋಣೆಗಳಲ್ಲಿ ಮಾತ್ರ ಬಾಡಿಗೆದಾರರು ಬದಲಾಗಬೇಕು. ಪ್ರಕೃತಿಗೆ ಇದು ಹೊಸದೇನಲ್ಲ. ಅಲ್ಯುಮಿನಿಯಂ ಆಕ್ಸೈಡಿನ ಸ್ಫಟಿಕಕ್ಕೆ ಸ್ವಂತ ಬಣ್ಣವಿಲ್ಲ. ಅದರಲ್ಲಿ ನೂರಕ್ಕೆ ಒಂದರಷ್ಟು ಅಥವಾ ಅದಕ್ಕೂ ಕಡಿಮೆ ಕ್ರೋಮಿಯಂ ಸೇರಿಕೊಂಡರೆ ಅದೇ ಕೆಂಪು ಮಾಣಿಕ್ಯ. ವಿದ್ಯುತ್ತೂ ಬೆಳಕೂ ಎರಡೂ ಎಲೆಕ್ಟ್ರಾನುಗಳ ಆಟವೇ ಆದ್ದರಿಂದ, ಒಂದು ಚಿಟಿಕೆ ಬೆರಕೆ ಎರಡನ್ನೂ ಅಲುಗಿಸುತ್ತದೆ.

ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಈ ಬೆರಕೆಯ ಪ್ರಯೋಗಗಳಿಗೆ ವಿಜ್ಞಾನಿಗಳು ಮತ್ತೆ ಮತ್ತೆ ಆರಿಸಿಕೊಳ್ಳುತ್ತಿರುವ ಒಂದು ಪುಡಿಯಿದೆ. ಅದರ ಹೆಸರು ಬಿಸ್ಮತ್ ಫೆರೈಟ್. ಒಂದು ಬಿಸ್ಮತ್, ಒಂದು ಕಬ್ಬಿಣ, ಮೂರು ಆಕ್ಸಿಜನ್ ಸೇರಿ ಆದ ಆಕ್ಸೈಡು. ನೋಡಲು ತುಕ್ಕಿನಂತೆ, ಕೆಂಪು ಮಿಶ್ರಿತ ಕಂದು ಬಣ್ಣ. ಅದರ ಒಳಗುಣ ಮಾತ್ರ ಅಪರೂಪದ್ದು. ಕಬ್ಬಿಣದ ತುಂಡಿನ ಎರಡು ತುದಿಗಳಲ್ಲಿ ಕಾಂತದ ಉತ್ತರ ದಕ್ಷಿಣಗಳಿರುವಂತೆ, ಕೆಲವು ಸ್ಫಟಿಕಗಳಲ್ಲಿ ವಿದ್ಯುತ್ತಿನ ಧನ ಋಣಗಳು ತಾವಾಗಿಯೇ ಬೇರೆಬೇರೆಯಾಗಿ ನಿಂತಿರುತ್ತವೆ. ಹೊರಗಿನಿಂದ ವೋಲ್ಟೇಜು ಕೊಟ್ಟರೆ ಅವು ದಿಕ್ಕು ಬದಲಿಸುತ್ತವೆ. ಇದನ್ನು ಮೊದಲು ಕಂಡವರು 1920ರಲ್ಲಿ ಅಮೆರಿಕದ ಜೋಸೆಫ್ ವಾಲಸೆಕ್, ರೋಶೆಲ್ ಲವಣದಲ್ಲಿ. ಇದಕ್ಕೆ ಫೆರೋವಿದ್ಯುತ್ ಗುಣ ಎಂದು ಹೆಸರು. ಕಬ್ಬಿಣದ ಕಾಂತಗುಣವನ್ನು ಹೋಲುತ್ತದೆಂದು ಬಂದ ಹೆಸರೇ ಹೊರತು ಇದಕ್ಕೆ ಕಬ್ಬಿಣ ಬೇಕೆಂದಿಲ್ಲ. ಈ ವಿದ್ಯುತ್ ಶಿಸ್ತೂ ಕಾಂತದ ಶಿಸ್ತೂ ಒಂದೇ ವಸ್ತುವಿನಲ್ಲಿ ಮನೆ ಮಾಡಿದ್ದರೆ ಅದು ಮಲ್ಟಿಫೆರೋಯಿಕ್. ಈ ಹೆಸರನ್ನಿಟ್ಟವರು ಹನ್ಸ್ ಶ್ಮಿಡ್, 1994ರಲ್ಲಿ.

ಒಂದೇ ಮನೆಯಲ್ಲಿ ಇಬ್ಬರೂ ಹೊಂದಿಕೊಂಡಿರುವುದು ಏಕೆ ಅಷ್ಟು ಅಪರೂಪ? 2000ದಲ್ಲಿ ನಿಕೊಲಾ ಸ್ಪಾಲ್ಡಿನ್ ಎಂಬ ವಿಜ್ಞಾನಿ ಇದೇ ಪ್ರಶ್ನೆಯನ್ನೆತ್ತಿ ಲೇಖನ ಬರೆದರು. ಬೇರಿಯಂ ಟೈಟನೇಟಿನಂಥ ಪ್ರಸಿದ್ಧ ಫೆರೋವಿದ್ಯುತ್ ವಸ್ತುಗಳಲ್ಲಿ ಟೈಟಾನಿಯಂನ ಒಂದು ಎಲೆಕ್ಟ್ರಾನ್ ಕವಚ ಖಾಲಿಯಿರಬೇಕು; ಕಾಂತಗುಣಕ್ಕೆ ಅದೇ ಕವಚದಲ್ಲಿ ಎಲೆಕ್ಟ್ರಾನುಗಳಿರಬೇಕು. ಖಾಲಿಯೂ ಇರಬೇಕು, ತುಂಬಿಯೂ ಇರಬೇಕು ಎಂದರೆ ಹೇಗೆ? ಬಿಸ್ಮತ್ ಫೆರೈಟ್ ಈ ಜಗಳವನ್ನು ಕೆಲಸ ಹಂಚಿ ಬಗೆಹರಿಸಿಕೊಂಡಿದೆ. ವಿದ್ಯುತ್ತಿನ ಹೊಣೆ ಬಿಸ್ಮತ್ತಿಗೆ, ಕಾಂತದ ಹೊಣೆ ಕಬ್ಬಿಣಕ್ಕೆ. ಬಿಸ್ಮತ್ತಿನ ಹೊರಮೈಯಲ್ಲಿ ಯಾರೊಂದಿಗೂ ಜೊತೆಗೂಡದ ಒಂದು ಎಲೆಕ್ಟ್ರಾನ್ ಜೋಡಿಯಿದೆ. ಅದು ಒಂದು ಪಕ್ಕಕ್ಕೆ ಒತ್ತರಿಸುವುದರಿಂದ ಪರಮಾಣುಗಳು ಸರಿದು ವಿದ್ಯುತ್ ಧ್ರುವಗಳು ಹುಟ್ಟುತ್ತವೆ. ಈ ಶಿಸ್ತು ಸುಮಾರು 830 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಡದು. ಕಾಂತದ್ದು ಸುಮಾರು 370 ಡಿಗ್ರಿಯವರೆಗೆ. ಎರಡು ಗುಣಗಳೂ ಕೋಣೆಯ ಉಷ್ಣತೆಯಲ್ಲೇ, ಒಟ್ಟಿಗೇ ಸಿಗುವ ವಸ್ತುಗಳು ಬಲು ವಿರಳ. ಅದಕ್ಕೇ ಈ ಪುಡಿಗೆ ಇಷ್ಟು ಬೇಡಿಕೆ.

ಈ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 2003ರಲ್ಲಿ ಬಿಸ್ಮತ್ ಫೆರೈಟಿನ ತೆಳುಪದರದಲ್ಲಿ ಹಿಂದೆಂದೂ ಕಾಣದಷ್ಟು ದೊಡ್ಡ ವಿದ್ಯುತ್ ಧ್ರುವೀಕರಣವನ್ನು ತೋರಿಸಿ ಜಗತ್ತಿನ ಗಮನ ಸೆಳೆದ ತಂಡದ ಮುಖ್ಯಸ್ಥ ಆರ್. ರಮೇಶ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಲೋಹಶಾಸ್ತ್ರ. ಅದೇ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2005ರಲ್ಲಿ ಯಿಟ್ರಿಯಂ ಕ್ರೋಮೈಟ್ ಎಂಬ ಇನ್ನೊಂದು ಆಕ್ಸೈಡಿನಲ್ಲಿ ಎರಡೂ ಗುಣಗಳನ್ನು ಗುರುತಿಸಿತು. ಪುಡಿಯನ್ನು ಮಾಡುವ ವಿಧಾನಕ್ಕೂ ಇಲ್ಲಿನ ನಂಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಮತ್ತು ಅವರ ಶಿಷ್ಯರು 1988ರಲ್ಲಿ ಅಲ್ಯುಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ, ನೀರಿನಲ್ಲಿ ಕರಗಿಸಿ, 500 ಡಿಗ್ರಿಯ ಕುಲುಮೆಗೆ ಇಟ್ಟರು. ಹೊಲಕ್ಕೆ ಹಾಕುವ ಅದೇ ಯೂರಿಯಾ! ದ್ರಾವಣ ಕುದ್ದು, ಉಬ್ಬಿ, ತಾನೇ ಭಗ್ಗನೆ ಹೊತ್ತಿಕೊಂಡು, ಐದು ನಿಮಿಷದೊಳಗೆ ಬೂರಲದ ಹತ್ತಿಯಂತೆ ಹಗುರಾದ ಅಲ್ಯುಮಿನಾ ಪುಡಿ ಸಿದ್ಧವಾಯಿತು. ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸುವ ಕೆಲಸ ಅಲ್ಲಿಗೆ ತಪ್ಪಿತು. ಈ ದಹನ ವಿಧಾನವನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ದುಬಾರಿ ಯಂತ್ರಗಳಿಲ್ಲದ ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೂ ನ್ಯಾನೋಕಣಗಳು ಎಟುಕಿದ್ದರಲ್ಲಿ ಇಂಥ ಅಗ್ಗದ ವಿಧಾನಗಳ ಪಾಲು ದೊಡ್ಡದು. ಪಾಟೀಲರ ಹೆಸರು ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿಯದೇ ಇರುವುದು ಬೇಸರದ ಮಾತು.

ಬಾಗಲಕೋಟೆಯಿಂದ ಅಮೀನಗಡದ ಕಡೆಗೆ ಹೋಗುವ ದಾರಿಯಲ್ಲಿ ಕಮತಗಿ ಸಿಗುತ್ತದೆ. ನೇಕಾರರ ಊರು. ಇಳಕಲ್ಲ ಸೀರೆಯ ಹೆಸರು ಇಳಕಲ್ಲಿನದಾದರೂ ಅದನ್ನು ನೇಯುವ ಕೈಗಳು ಸುತ್ತಲಿನ ಇಂಥ ಊರುಗಳಲ್ಲೂ ಇವೆ. ಇಲ್ಲಿಯ ಒಂದು ನೇಕಾರರ ಮನೆಯ ಹುಡುಗಿ, ಬಿ.ಎಸ್ಸಿ. ಮುಗಿಸಿದವಳು, ಧಾರವಾಡಕ್ಕೆ ಎಂ.ಎಸ್ಸಿ. ಓದಲು ಹೋಗಬೇಕೆಂದಾಗ ಮನೆಯಲ್ಲಿ ಸಣ್ಣ ಪಂಚಾಯಿತಿಯೇ ನಡೆಯಿತು. ಎರಡು ಮಗ್ಗಗಳಲ್ಲಿ ಒಂದು ಆಗಲೇ ನಿಂತಿತ್ತು. ಕಂಡಿಕೆ ಸುತ್ತುವ ಕೈ ಒಂದು ಕಡಿಮೆಯಾದರೆ ಇನ್ನೊಂದರ ಗತಿ ಏನು ಎಂಬ ಚಿಂತೆ ತಾಯಿಗೆ. ಬಿ.ಎಡ್. ಮಾಡಿದರೆ ಊರ ಹತ್ತಿರವೇ ಕೆಲಸ ಸಿಕ್ಕೀತು ಎಂಬ ಲೆಕ್ಕ ಬಂಧುಗಳದ್ದು. ಹುಡುಗಿ ಮಾತ್ರ ಬಿಸ್ಮತ್ ಫೆರೈಟಿನ ಮಾತು ತೆಗೆದಳು.

"ಅಲ್ಲ ಯವ್ವಾ, ಇಷ್ಟ ಓದಿ ತುಕ್ಕಿನ ಪುಡಿ ಮಾಡಾಕ ಧಾರವಾಡಕ್ಕ ಹೋಗಬೇಕೇನು? ಅದು ಇಲ್ಲೇ ತಗಡಿನ ಮ್ಯಾಲೆ ಬೇಕಾದಷ್ಟ ಐತೆಲ್ಲ!" ಎಂದ ತಂದೆ.

"ತುಕ್ಕಲ್ಲಪ್ಪಾ ಅದು. ಅದರಾಗ ಬಿಸ್ಮತ್ ಅಂತ ಇನ್ನೊಂದ ಲೋಹ ಐತಿ. ಹಾಸಿನಾಗ ನೂರು ಎಳಿಗೆ ಐದು ಎಳಿ ಬ್ಯಾರೆ ಹಾಕಿದಂಗ, ಬಿಸ್ಮತ್ ಇದ್ದ ಜಾಗಾದಾಗ ಬ್ಯಾರೆ ಲೋಹ ಕೂರಸೂದು. ಆಮ್ಯಾಲೆ ಏನೇನ ಬದಲಾತು ನೋಡೂದು."

ತಂದೆ ತುಸು ಹೊತ್ತು ಸುಮ್ಮನಿದ್ದು ಹೇಳಿದ: "ಬ್ಯಾರೆ ಎಳಿ ದಪ್ಪ ಇದ್ರ ಒಂದ ನಮೂನಿ ಜಗ್ಗತೈತಿ, ತೆಳ್ಳಗಿದ್ರ ಒಂದ ನಮೂನಿ. ಬಾಜೂಕಿನ ಎಳಿಗೂ ಅದರ ಜಗ್ಗಾಟ ಗೊತ್ತಾಗತೈತಿ. ಅದನ್ನ ನೋಡ್ಕೊಂಡ ಹಾಕಬೇಕು."

ಅಕ್ಷರ ಹೆಚ್ಚು ಕಲಿಯದ ಆ ನೇಕಾರ ಆಡಿದ ಮಾತು ಪುಸ್ತಕದ ಮಾತಿಗಿಂತ ಏನೂ ಕಡಿಮೆಯದಲ್ಲ. ಬಿಸ್ಮತ್ತಿನ ಜಾಗಕ್ಕೆ ಲ್ಯಾಂಥನಂ ಬಂದರೆ ಗಾತ್ರ ಹೆಚ್ಚುಕಡಿಮೆ ಒಂದೇ, ಎಳೆ ಜಗ್ಗುವುದಿಲ್ಲ. ಆದರೆ ಲ್ಯಾಂಥನಂಗೆ ಆ ಒತ್ತರಿಸುವ ಎಲೆಕ್ಟ್ರಾನ್ ಜೋಡಿ ಇಲ್ಲ. ಬೆರಕೆ ಹೆಚ್ಚಿದಂತೆ ವಿದ್ಯುತ್ ಧ್ರುವಗಳ ಕಸುವು ಇಳಿಯುತ್ತದೆ. ಸಮೇರಿಯಂ, ಗೆಡೊಲಿನಿಯಂಗಳು ಇನ್ನೂ ಚಿಕ್ಕವು. ಅವು ಕೂತಲ್ಲಿ ಸುತ್ತಲಿನ ಆಕ್ಸಿಜನ್ ಚೌಕಟ್ಟು ಸೊಟ್ಟಗಾಗುತ್ತದೆ. ಸಮೇರಿಯಂ ನೂರಕ್ಕೆ ಹದಿನಾಲ್ಕರ ಸುತ್ತಮುತ್ತ ಬಂತೆಂದರೆ ಸ್ಫಟಿಕದ ಆಕಾರವೇ ಬದಲಾಗಿಬಿಡುತ್ತದೆ. ಹುಡುಗಿಗೆ ಧಾರವಾಡಕ್ಕೆ ಹೋಗಲು ಒಪ್ಪಿಗೆ ಸಿಕ್ಕಿತು. ನಿಂತಿದ್ದ ಮಗ್ಗ ಮಾರಿದ ಹಣ ಮೊದಲ ವರ್ಷದ ಖರ್ಚಿಗೆ ಆಯಿತು.

ವಿದ್ಯುತ್ತಿನ ವಿಷಯಕ್ಕೆ ಬಂದರೆ ಬಿಸ್ಮತ್ ಫೆರೈಟಿಗೆ ಒಂದು ಹಳೆಯ ರೋಗವಿದೆ: ಸೋರಿಕೆ. ಧ್ರುವಗಳ ದಿಕ್ಕು ತಿರುಗಿಸಲು ವೋಲ್ಟೇಜು ಕೊಟ್ಟರೆ, ಅದು ನಿಲ್ಲದೆ ವಿದ್ಯುತ್ ಹರಿದುಹೋಗುತ್ತದೆ, ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ. ಕಾರಣ, ಪುಡಿಯನ್ನು ಕಾಯಿಸುವಾಗ ಬಿಸ್ಮತ್ ಸ್ವಲ್ಪ ಆವಿಯಾಗಿ ಹೋಗುತ್ತದೆ. ಅದರ ಹಿಂದೆಯೇ ಆಕ್ಸಿಜನ್ನೂ ಜಾಗ ಬಿಡುತ್ತದೆ. ಇದನ್ನು ಅಂಗಡಿಯ ಜಮಾಖರ್ಚಿನಂತೆ ನೋಡಿದರೆ ಮಕ್ಕಳಿಗೆ ಸುಲಭ. ಬಿಸ್ಮತ್ತಿನದು ಮೂರು ಧನ, ಕಬ್ಬಿಣದ್ದು ಮೂರು ಧನ, ಒಟ್ಟು ಆರು. ಮೂರು ಆಕ್ಸಿಜನ್‌ಗಳಿಗೆ ತಲಾ ಎರಡು ಋಣ, ಅದೂ ಆರು. ಲೆಕ್ಕ ಸರಿ. ಒಂದು ಆಕ್ಸಿಜನ್ ಎದ್ದುಹೋದರೆ ಅದು ಬಿಟ್ಟ ಎರಡು ಎಲೆಕ್ಟ್ರಾನುಗಳಿಗೆ ಆಸರೆ ಬೇಕು. ಅಕ್ಕಪಕ್ಕದ ಎರಡು ಕಬ್ಬಿಣಗಳು ಒಂದೊಂದನ್ನು ತೆಗೆದುಕೊಂಡು ಮೂರರಿಂದ ಎರಡಕ್ಕೆ ಇಳಿಯುತ್ತವೆ. ಆ ಎಲೆಕ್ಟ್ರಾನು ಅಲ್ಲೇ ಕೂರದೆ ಒಂದು ಕಬ್ಬಿಣದಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತದೆ. ಅದೇ ಸೋರಿಕೆ.

ಈಗ ಬೆರಕೆ ಏನು ಮಾಡುತ್ತದೆ ನೋಡಿ. ಕಬ್ಬಿಣದ ಜಾಗದಲ್ಲಿ ನಾಲ್ಕು ಧನದ ಟೈಟಾನಿಯಂ ಕೂತರೆ ಒಂದು ಹೆಚ್ಚಾಯಿತು. ಎರಡು ಟೈಟಾನಿಯಂ ಸೇರಿದರೆ ಒಂದು ಆಕ್ಸಿಜನ್ನಿನ ಖಾಲಿ ಜಾಗವನ್ನು ತುಂಬುವಷ್ಟು ಬಂಡವಾಳ. ಸೋರಿಕೆ ಬಹುಪಾಲು ತಗ್ಗುತ್ತದೆ, ರೋಧ ಹತ್ತಾರು ನೂರಾರು ಪಟ್ಟು ಏರಬಹುದು. ಬಿಸ್ಮತ್ತಿನ ಜಾಗಕ್ಕೆ ಎರಡು ಧನದ ಕ್ಯಾಲ್ಸಿಯಂ, ನಮ್ಮ ಮನೆಯ ಸುಣ್ಣದ ಅದೇ ಕ್ಯಾಲ್ಸಿಯಂ, ಬಂದರೆ ಲೆಕ್ಕ ತಲೆಕೆಳಗು. ಎರಡು ಕ್ಯಾಲ್ಸಿಯಂಗೆ ಒಂದು ಆಕ್ಸಿಜನ್ ಹೊರನಡೆಯುತ್ತದೆ. ಲ್ಯಾಂಥನಂ ಬಿಸ್ಮತ್ತಿನಂತೆಯೇ ಮೂರು ಧನದ್ದು. ಲೆಕ್ಕಕ್ಕೆ ಧಕ್ಕೆಯಿಲ್ಲ, ಆದರೆ ಅದು ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿಯುವುದರಿಂದ, ಆವಿಯಾಗದೆ ಇರುವುದರಿಂದ, ಅದೂ ಸೋರಿಕೆಯನ್ನು ತಗ್ಗಿಸುತ್ತದೆ. ಯಾವ ಲೋಹ, ಯಾವ ಕೋಣೆಗೆ, ಎಷ್ಟು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಸಾವಿರಾರು ಪ್ರಬಂಧಗಳು ಹುಟ್ಟಿವೆ. ಅವುಗಳಲ್ಲಿ ಒಂದನ್ನೊಂದು ಒಪ್ಪದವೂ ಬೇಕಾದಷ್ಟಿವೆ.

ಕಣದ ಗಾತ್ರದ್ದು ಇನ್ನೊಂದು ಸ್ವಾರಸ್ಯ. ಬಿಸ್ಮತ್ ಫೆರೈಟಿನಲ್ಲಿ ನೆರೆಹೊರೆಯ ಕಬ್ಬಿಣದ ಪುಟ್ಟ ಕಾಂತಗಳು ಒಂದಕ್ಕೊಂದು ವಿರುದ್ಧ ಮುಖ ಮಾಡಿರುತ್ತವೆ. ಸಾಲದ್ದಕ್ಕೆ ಸಾಗುತ್ತ ಸಾಗುತ್ತ ಸುರುಳಿ ತಿರುಗುತ್ತವೆ. 1982ರಲ್ಲಿ ಪತ್ತೆಯಾದ ಈ ಸುರುಳಿಯ ಒಂದು ಪೂರ್ಣ ಸುತ್ತಿಗೆ 62 ನ್ಯಾನೋಮೀಟರ್ ಬೇಕು. ಒಂದು ಹತ್ತಿಯ ನಾರಿನ ದಪ್ಪದೊಳಗೆ ಇಂಥ ಸುಮಾರು 200 ಸುತ್ತು ಹಿಡಿದಾವು. ಒಂದು ಸುತ್ತು ಮುಗಿಯುವಷ್ಟರಲ್ಲಿ ಎಲ್ಲ ಕಾಂತಗಳೂ ಒಂದನ್ನೊಂದು ಹೊಡೆದು, ಹೊರಗೆ ಕಾಣುವುದು ಸೊನ್ನೆ. ಕಣವೇ 62ಕ್ಕಿಂತ ಚಿಕ್ಕದಾದರೆ? ಸುರುಳಿಗೆ ಸುತ್ತು ಮುಗಿಸಲು ಜಾಗವಿಲ್ಲ. ಸ್ವಲ್ಪ ಕಾಂತಗುಣ ಹೊರಗೆ ಉಳಿಯುತ್ತದೆ. 2007ರ ಹೊತ್ತಿಗೆ ಇದನ್ನು ಪ್ರಯೋಗದಲ್ಲಿ ತೋರಿಸಲಾಯಿತು. ಬೆರಕೆಯ ಪರಮಾಣುಗಳು ಕಣಗಳ ಬೆಳವಣಿಗೆಯನ್ನು ತಡೆಯುವುದುಂಟು, ಚೌಕಟ್ಟನ್ನು ಸೊಟ್ಟಮಾಡಿ ಸುರುಳಿಯನ್ನು ಕೆಡಿಸುವುದೂ ಉಂಟು. ಹಾಗಾಗಿ ಕಾಂತಗುಣ ಏರಿತೆಂದರೆ ಕಾರಣ ಗಾತ್ರವೋ ಬೆರಕೆಯೋ ಎಂದು ಬಿಡಿಸಿ ಹೇಳುವುದು ಕಷ್ಟದ ಕೆಲಸ.

ಬೆಳಕಿನ ಮಾತು ಕಮತಗಿಯಂಥ ಊರಿಗೆ ಹತ್ತಿರದ್ದು. ಎಲೆಕ್ಟ್ರಾನು ತನ್ನ ಕೆಳ ಅಂತಸ್ತಿನಿಂದ ಮೇಲಿನ ಅಂತಸ್ತಿಗೆ ಜಿಗಿಯಲು ಇಷ್ಟು ಶಕ್ತಿ ಬೇಕೆಂದು ನಿಗದಿಯಿರುತ್ತದೆ. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡಿಗೆ ಅದು 3.2 ಎಲೆಕ್ಟ್ರಾನ್ ವೋಲ್ಟ್. 1240ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೇಕಾದ ಬೆಳಕಿನ ತರಂಗದೂರ ನ್ಯಾನೋಮೀಟರಿನಲ್ಲಿ ಸಿಗುತ್ತದೆ: ಸುಮಾರು 387. ಅದು ಕಣ್ಣಿಗೆ ಕಾಣದ ನೇರಳಾತೀತ. ಬಿಸಿಲಿನಲ್ಲಿ ಅದರ ಪಾಲು ತೀರ ಕಡಿಮೆ. ಬಿಸ್ಮತ್ ಫೆರೈಟಿನ ನ್ಯಾನೋಪುಡಿಗೆ ಸುಮಾರು 2.2 ಸಾಕು, ಎಂದರೆ 563. ಹಸಿರಿನವರೆಗಿನ ಬೆಳಕನ್ನೆಲ್ಲ ಅದು ನುಂಗಿ, ಉಳಿದದ್ದನ್ನು ಹಿಂದಕ್ಕೆ ಕೊಡುವುದರಿಂದಲೇ ತುಕ್ಕಿನ ಬಣ್ಣ. ಬೆರಕೆಯಿಂದ ಈ ಅಂತರವನ್ನು ಅಷ್ಟಿಷ್ಟು ಕಿರಿದಾಗಿಸಬಹುದು. ಮ್ಯಾಂಗನೀಸ್ ಬೆರೆಸಿದ ಪುಡಿ ಕಣ್ಣಿಗೇ ಕಾಣುವಷ್ಟು ಕಪ್ಪಾಗುತ್ತದೆ.

ನುಂಗಿದ ಬೆಳಕು ಏನಾಗುತ್ತದೆ? ಮೇಲಕ್ಕೆ ಹಾರಿದ ಎಲೆಕ್ಟ್ರಾನು, ಕೆಳಗೆ ಉಳಿದ ಖಾಲಿ ಜಾಗ, ಎರಡೂ ನೀರು ಮತ್ತು ಆಮ್ಲಜನಕದೊಡನೆ ಸೇರಿ ಉಗ್ರವಾದ ಚೂರುಗಳನ್ನು ಹುಟ್ಟಿಸುತ್ತವೆ. ನೀರಿನಲ್ಲಿ ಬಣ್ಣವಿದ್ದರೆ ಅವು ಬಣ್ಣದ ಅಣುಗಳನ್ನು ಕತ್ತರಿಸುತ್ತವೆ. ಕೆಂಪು ನೀರು ಬಿಸಿಲಲ್ಲಿಟ್ಟರೆ ತಿಳಿಯಾಗುತ್ತದೆ. ಹುಡುಗಿ ಈ ವಿಷಯ ಆರಿಸಿಕೊಂಡದ್ದು ಇದಕ್ಕಾಗಿಯೇ. ನೂಲಿಗೆ ಬಣ್ಣ ಹಾಕುವವರ ಅಂಗಳದಿಂದ ಕೆಂಪು, ಹಸಿರು, ನೀಲಿ ನೀರು ಹರಿದುಹೋಗುವುದನ್ನು ನೋಡುತ್ತ ಬೆಳೆದವಳು ಅವಳು.

ಇಲ್ಲಿ ತಂದೆತಾಯಿಗಳೂ ವಿದ್ಯಾರ್ಥಿಗಳೂ ಸ್ವಲ್ಪ ತಡೆದು ನೋಡಬೇಕು. ಪ್ರಯೋಗಶಾಲೆಯಲ್ಲಿ ಬಟ್ಟಿ ಇಳಿಸಿದ ಒಂದು ಲೀಟರ್ ನೀರಿಗೆ ಐದೋ ಹತ್ತೋ ಮಿಲಿಗ್ರಾಂ ಬಣ್ಣ ಹಾಕಿ ಪರೀಕ್ಷಿಸುತ್ತಾರೆ. ಬಣ್ಣದ ಹಂಡೆಯಿಂದ ಬರುವ ನೀರು ಹಾಗಿರುವುದಿಲ್ಲ. ಅದರಲ್ಲಿ ಉಪ್ಪು, ಸೋಡಾ, ಗಂಜಿ ಎಲ್ಲ ಇರುತ್ತದೆ. ಬೆಳಕು ಒಳಗೇ ಇಳಿಯಲಾರದಷ್ಟು ಗಾಢವಾಗಿರುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ನೀರಿನಿಂದ ಹಿಂದಕ್ಕೆ ತೆಗೆಯಬೇಕು. ಬಣ್ಣ ಹೋಯಿತೆಂದರೆ ವಿಷವೂ ಹೋಯಿತೆಂದಲ್ಲ. ಕತ್ತರಿಸಿದ ಚೂರುಗಳು ಇನ್ನೂ ಅಲ್ಲೇ ಇದ್ದಾವು. ಪತ್ರಿಕೆಗಳಲ್ಲಿ ಬರುವ 'ಅದ್ಭುತ ಪುಡಿ'ಗಳ ಸುದ್ದಿಗಳಲ್ಲಿ ಈ ಮಾತುಗಳು ಬಿಟ್ಟುಹೋಗಿರುತ್ತವೆ.

ಇನ್ನೊಂದು ಎಚ್ಚರ ಇದಕ್ಕಿಂತ ಮುಖ್ಯವಾದದ್ದು. 2003ರ ಆ ಪ್ರಸಿದ್ಧ ಲೇಖನದಲ್ಲಿ ವಿದ್ಯುತ್ ಗುಣದ ಜೊತೆಗೆ ದೊಡ್ಡ ಕಾಂತಗುಣವೂ ಕಂಡಿತೆಂದು ಬರೆಯಲಾಗಿತ್ತು. 2005ರಲ್ಲಿ ಬೇರೆ ವಿಜ್ಞಾನಿಗಳು ಅದನ್ನು ಪ್ರಶ್ನಿಸಿದರು. ತಾವು ಮಾಡಿದ ಚೊಕ್ಕ ಪದರದಲ್ಲಿ ಅಷ್ಟು ಕಾಂತಗುಣ ಇಲ್ಲವೇ ಇಲ್ಲ ಎಂದರು. ವಿದ್ಯುತ್ತಿನ ಮಾತು ನಿಂತಿತು, ಕಾಂತದ ಮಾತು ನಿಲ್ಲಲಿಲ್ಲ. ಪುಡಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಕಾಯಿಸುವುದು ಸ್ವಲ್ಪ ಹೆಚ್ಚುಕಡಿಮೆಯಾದರೂ ಬಿಸ್ಮತ್ತು ಕಬ್ಬಿಣಗಳು ಬೇರೆ ಪ್ರಮಾಣದಲ್ಲಿ ಕೂಡಿ ಬೇಡದ ಆಕ್ಸೈಡುಗಳು ಹುಟ್ಟಿಕೊಳ್ಳುತ್ತವೆ. ಕಾಂತಗುಣವುಳ್ಳ ಕಬ್ಬಿಣದ ಆಕ್ಸೈಡು ನೂರಕ್ಕೆ ಒಂದು ಪಾಲು ಸೇರಿದ್ದರೂ ಅಳೆಯುವ ಯಂತ್ರ ಅದನ್ನೇ ತೋರಿಸುತ್ತದೆ. 'ನಮ್ಮ ಡೋಪಿಂಗ್‌ನಿಂದ ಕಾಂತಗುಣ ಹೆಚ್ಚಿತು' ಎಂದು ಬರೆದವರ ಪುಡಿಯಲ್ಲಿ ಹೆಚ್ಚಿದ್ದು ನಿಜವಾಗಿ ಯಾವುದು? ಬೆರಕೆಯೋ, ಕಲಬೆರಕೆಯೋ? ಎಕ್ಸ್-ಕಿರಣದ ನಕ್ಷೆಯಲ್ಲಿ 27ರಿಂದ 29 ಡಿಗ್ರಿಗಳ ನಡುವೆ ಎದ್ದುನಿಲ್ಲುವ ಪುಟ್ಟ ಶಿಖರಗಳನ್ನು ನೋಡದವರಂತೆ ದಾಟಿಹೋಗುವ ಅಭ್ಯಾಸ ಒಳ್ಳೆಯದಲ್ಲ. ಪ್ರಬಂಧಗಳನ್ನು ಎಣಿಸಿ ಬಡ್ತಿ ಕೊಡುವ ಕಾಲದಲ್ಲಿ ಆ ಆಸೆ ಬಲವಾಗಿರುತ್ತದೆ.

ಕಡೆಯ ಸೆಮಿಸ್ಟರಿನಲ್ಲಿ ಹುಡುಗಿ ತನ್ನ ಮೊದಲ ಪುಡಿ ಮಾಡಿದಳು. ಬಿಸ್ಮತ್ ನೈಟ್ರೇಟ್, ಫೆರಿಕ್ ನೈಟ್ರೇಟ್, ನೂರಕ್ಕೆ ಐದು ಪಾಲು ಲ್ಯಾಂಥನಂ ನೈಟ್ರೇಟ್. ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸಿಟ್ರಿಕ್ ಆಮ್ಲ ಸೇರಿಸಿ, ಬೆಲ್ಲದ ಪಾಕದಂತೆ ಗಟ್ಟಿಯಾಗುವವರೆಗೆ ಕಾಯಿಸಿ, ಒಣಗಿಸಿ, ಕುಲುಮೆಯಲ್ಲಿ 550 ಡಿಗ್ರಿಗೆ ಇಟ್ಟಳು. ಮನೆಯಿಂದ ಫೋನು ಬಂದಾಗ ತಂದೆಯ ಮೊದಲ ಪ್ರಶ್ನೆ: "ಬಣ್ಣ ಹೊಂದೇತೇನವಾ?"

"ಹೊಂದೇತಪ್ಪಾ. ಆದ್ರ ನಕ್ಷೇದಾಗ ಎರಡು ಬ್ಯಾಡಾದ ಗೆರಿ ಎದ್ದಾವು. ಬ್ಯಾರೆ ಆಕ್ಸೈಡು ಸೇರೇತಿ."

"ಹಂಗಾರ ಆ ಲಡಿ ತಗದ ಇಡು. ಮತ್ತ ಹಾಕು."

ಎರಡನೆಯ ಸಲ ಆವಿಯಾಗಿ ಹೋಗುವುದನ್ನು ತುಂಬಿಕೊಡಲೆಂದು ಬಿಸ್ಮತ್ ನೈಟ್ರೇಟನ್ನು ಲೆಕ್ಕಕ್ಕಿಂತ ಕೊಂಚ ಹೆಚ್ಚು ಹಾಕಿ, ಕುಲುಮೆಯ ಏರಿಕೆಯನ್ನು ನಿಧಾನ ಮಾಡಲಾಯಿತು. ಒಂದು ಗೆರೆ ಹೋಯಿತು. ಇನ್ನೊಂದು ತಗ್ಗಿತು, ಹೋಗಲಿಲ್ಲ. ಅವಳ ಪ್ರಾಜೆಕ್ಟಿನ ಪುಸ್ತಕದಲ್ಲಿ ಆ ಗೆರೆಯ ಮೇಲೆ ಒಂದು ನಕ್ಷತ್ರದ ಗುರುತು ಹಾಕಿ, ಅದು ಯಾವ ಆಕ್ಸೈಡಿನದೆಂದು ಕೆಳಗೆ ಬರೆದಿದೆ.